ಪೆಟ್ಲು, ಪೈಪು ಮತ್ತು ಹುಡುಗರ ಕೈ

ಚೌತಿ ಹಬ್ಬ ಸಮೀಪಿಸುವ ಹೊತ್ತಿಗೆ ಉತ್ತರ ಕನ್ನಡದ ಘಟ್ಟದ ಊರುಗಳಲ್ಲಿ ಹುಡುಗರ ಕೈಗೆ ಪೆಟ್ಲು ಬರುವುದು ಹಳೆಯ ವಾಡಿಕೆ. ಗೆಣ್ಣುಗಳ ನಡುವಿನಿಂದ ಕತ್ತರಿಸಿದ ಒಂದು ತೆಳು ಬಿದಿರಿನ ಕೊಳವೆ, ಅದರೊಳಗೆ ಸರಿಯಾಗಿ ಕೂರುವಂತೆ ಕೆತ್ತಿದ ಒಂದು ಕಡ್ಡಿ, ಜೇಬಿನ ತುಂಬ ಜುಮ್ಮನ ಕಾಯಿ. ಮೊದಲ ಕಾಯಿಯನ್ನು ಕೊಳವೆಯ ತುದಿಯವರೆಗೆ ನೂಕಿ ನಿಲ್ಲಿಸಬೇಕು. ಎರಡನೆಯದನ್ನು ಹಿಂದಿನಿಂದ ತುರುಕಿ, ಕಡ್ಡಿಯಿಂದ ರಭಸವಾಗಿ ಒತ್ತಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಕುಗ್ಗುತ್ತದೆ, ಕುಗ್ಗಿದಷ್ಟೂ ಬಲಿಯುತ್ತದೆ, ಕೊನೆಗೆ ಮುಂದಿನ ಕಾಯಿಯನ್ನು ‘ಫಟ್’ ಎಂದು ಹೊರದೂಡುತ್ತದೆ. ಹಿಂದಿನ ಕಾಯಿ ಮುಂದಿನ ಸರದಿಗೆ ತುದಿಯಲ್ಲಿ ಸಿದ್ಧವಾಗಿ ನಿಂತಿರುತ್ತದೆ. ಅಂಗಳದಲ್ಲಿ ಕುಳಿತ ಅಜ್ಜನ ಬೆನ್ನಿಗೆ ಒಂದು ಪೆಟ್ಟು, ಅಜ್ಜನಿಂದ ನಾಲ್ಕು ಬೈಗುಳ. ಹಬ್ಬ ಅಲ್ಲಿಗೆ ಶುರುವಾಯಿತೆಂದೇ ಲೆಕ್ಕ.

ಅನಿಲದ ಗಾತ್ರ ಕುಗ್ಗಿದಂತೆ ಅದರ ಒತ್ತಡ ಏರುತ್ತದೆಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಶಾಲೆಯ ಮಕ್ಕಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಪೆಟ್ಲು ಹಿಡಿದ ಹುಡುಗನಿಗೆ ಅದೇ ನಿಯಮ ಅಂಗೈಯಲ್ಲಿ ತಿಳಿದಿರುತ್ತದೆ: ಕಾಯಿ ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ಕಡ್ಡಿ ಮುರಿಯುತ್ತದೆ, ಕೊಳವೆ ಗಿಡ್ಡವಾದರೆ ಸದ್ದಿಲ್ಲ. ಈ ಆಟಿಕೆ ಮಲೆನಾಡಿನದ್ದಷ್ಟೇ ಅಲ್ಲ. ಛತ್ತೀಸಗಢದ ಬಸ್ತರಿನಲ್ಲಿ ಇದಕ್ಕೆ ತುಪ್ಕಿ ಎಂದು ಹೆಸರು. ಜಗದಲಪುರದ ಗೋಂಚಾ ರಥಯಾತ್ರೆಯಲ್ಲಿ ಜಗನ್ನಾಥನಿಗೆ ಸಲ್ಲುವ ಗೌರವದ ಮದ್ದಿನ ಸದ್ದು ಈ ಬಿದಿರ ಕೊಳವೆಗಳದ್ದೇ. ಆದಿವಾಸಿಗಳು ಕಾಡಿನ ಕಾಯಿ, ಕಾಡಿನ ಬಿದಿರು ತಂದು ತಮ್ಮ ಕೈಯಾರೆ ಮಾಡಿ ಮಾರುತ್ತಾರೆ. ಹಬ್ಬ ಮುಗಿದ ಮೇಲೆ ಅದು ಒಲೆಗೆ ಹೋದರೂ ಯಾರಿಗೂ ನಷ್ಟವಿಲ್ಲ, ಮಣ್ಣಿಗೆ ಬಿದ್ದರೂ ಮಣ್ಣಿಗೆ ಭಾರವಿಲ್ಲ.

ಈಗ ಅದೇ ಹುಡುಗರ ಕೈಗೆ ಪಿವಿಸಿ ಪೈಪು ಬಂದಿದೆ. ಅಡಿಕೆ ತೋಟಗಳಿಗೆ ಸ್ಪ್ರಿಂಕ್ಲರ್ ಬಂದ ಮೇಲೆ ತುಂಡು ಪೈಪು ಇಲ್ಲದ ಕೊಟ್ಟಿಗೆಯೇ ಇಲ್ಲ. ಜತೆಗೆ ಅರ್ಧ ಡಬ್ಬಿ ಸಲ್ಯೂಷನ್, ಎಂಡ್ ಕ್ಯಾಪ್, ಹಳೆಯ ಬಾಲ್ ವಾಲ್ವ್, ಸೈಕಲ್ ಪಂಪು. ಮೊಬೈಲಿನಲ್ಲಿ ನೋಡಿದ ಚಿತ್ರವೊಂದನ್ನು ಅನುಸರಿಸಿ ಗಾಳಿ ಕೂಡಿಡುವ ದಪ್ಪ ಕೋಣೆ, ನಡುವೆ ತಟ್ಟನೆ ತೆರೆಯುವ ವಾಲ್ವ್, ಮುಂದೆ ಉದ್ದನೆಯ ನಳಿಗೆ ಜೋಡಿಸಿದರೆ ಗಾಳಿ ಫಿರಂಗಿ ಸಿದ್ಧ. ಮದ್ದಿಲ್ಲ, ಬೆಂಕಿಯಿಲ್ಲ, ಬರೀ ಗಾಳಿ. ಆದ್ದರಿಂದ ಅಪಾಯವೂ ಇಲ್ಲವೆಂದು ಮನೆಯ ಹಿರಿಯರು ಭಾವಿಸುತ್ತಾರೆ. ಹುಡುಗ ಕೊಟ್ಟಿಗೆಯಲ್ಲಿ ಕುಳಿತು ಏನನ್ನೋ ಜೋಡಿಸುತ್ತಿದ್ದಾನೆ, ಪೇಟೆ ತಿರುಗುತ್ತಿಲ್ಲ ಎಂಬುದೇ ಅವರಿಗೆ ಸಮಾಧಾನ. ಸಮಾಧಾನದ ಅರ್ಧ ಭಾಗ ಸರಿಯಾದುದೇ. ತನ್ನ ಕೈಯಿಂದ ಏನನ್ನಾದರೂ ಮಾಡಬೇಕೆಂಬ ಹುಡುಗನ ಹಂಬಲ ಬೆಲೆಯುಳ್ಳದ್ದು, ಅದನ್ನು ಗದರಿಸಿ ಓಡಿಸಬಾರದು. ಆದರೆ ಗಾಳಿಯ ಬಗೆಗಿನ ನಂಬಿಕೆ ಪೂರ್ತಿ ತಪ್ಪು.

ಒತ್ತಿದ ಗಾಳಿಯ ಶಕ್ತಿಗೆ ದೀರ್ಘ ಇತಿಹಾಸವಿದೆ. ಆಸ್ಟ್ರಿಯಾದ ಸೇನೆ 1780ರ ಸುಮಾರಿಗೆ ಗಿರಾರ್ಡೋನಿ ಎಂಬವನು ರೂಪಿಸಿದ ಗಾಳಿಕೋವಿಯನ್ನು ಬಳಸುತ್ತಿತ್ತು. ಅದರ ಹಿಂಬದಿಯ ಕಬ್ಬಿಣದ ಬುರುಡೆಯಲ್ಲಿ ಪಂಪಿನಿಂದ ಗಾಳಿ ತುಂಬುತ್ತಿದ್ದರು. 1803ರಿಂದ 1806ರವರೆಗೆ ಅಮೆರಿಕ ಖಂಡವನ್ನು ದಾಟಿಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಒಂದು ಗಾಳಿಕೋವಿಯನ್ನು ಒಯ್ದಿತ್ತು. ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ, 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯೊಡನೆ ಕೊಲಂಬಿಯಾ ನೌಕೆ ಆಕಾಶದಲ್ಲೇ ಛಿದ್ರವಾದುದನ್ನು ನೆನೆಯಬಹುದು. ಉಡಾವಣೆಯ ವೇಳೆ ಇಂಧನ ತೊಟ್ಟಿಯಿಂದ ಕಳಚಿದ ಹಗುರ ನೊರೆಯ ತುಂಡೊಂದು ರೆಕ್ಕೆಗೆ ಬಡಿದದ್ದೇ ಕಾರಣವಿರಬಹುದೆಂದಾಗ ಬಹಳ ಜನ ನಂಬಲಿಲ್ಲ. ಅದೇ ವರ್ಷ ಜುಲೈ ತಿಂಗಳಿನಲ್ಲಿ ಟೆಕ್ಸಾಸಿನ ಪ್ರಯೋಗಾಲಯವೊಂದರಲ್ಲಿ, ಒತ್ತಿಟ್ಟ ನೈಟ್ರೋಜನ್ ಅನಿಲದ ಫಿರಂಗಿಯಿಂದ ಮುಕ್ಕಾಲು ಕಿಲೋ ತೂಕದ ಅದೇ ನೊರೆಯನ್ನು ಗಂಟೆಗೆ 850 ಕಿಲೋಮೀಟರಿನಷ್ಟು ವೇಗದಲ್ಲಿ ರೆಕ್ಕೆಯ ಹಲಗೆಗೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಮದ್ದಿಲ್ಲ, ಬೆಂಕಿಯಿಲ್ಲ.

ಹವ್ಯಾಸಿಗಳ ಲೋಕದಲ್ಲಿ ಈ ಆಟ ದೈತ್ಯಾಕಾರಕ್ಕೆ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಡೆಲವೇರ್ ಎಂಬ ಪುಟ್ಟ ರಾಜ್ಯದಲ್ಲಿ 1986ರಿಂದ ಕುಂಬಳಕಾಯಿಯನ್ನು ಅತಿ ದೂರ ಎಸೆಯುವ ಸ್ಪರ್ಧೆಯೊಂದು ಆರಂಭವಾಯಿತು. ಮೊದಮೊದಲು ಕವಣೆಯಂಥ ಯಂತ್ರಗಳು, ಅನಂತರ ಲಾರಿಯ ಮೇಲೆ ಹೇರಿದ ಗಾಳಿ ಫಿರಂಗಿಗಳು. ಇಂತಹ ಒಂದು ಯಂತ್ರ 2010ರಲ್ಲಿ ಯೂಟಾ ಮರುಭೂಮಿಯಲ್ಲಿ ಕುಂಬಳಕಾಯಿಯನ್ನು 1,690 ಮೀಟರ್ ದೂರಕ್ಕೆ ಎಸೆಯಿತು. ತಿನ್ನುವ ಕಾಯಿಯನ್ನು ಒಂದು ಮೈಲಿ ಎಸೆಯುವುದರಲ್ಲಿ ಏನು ಪುರುಷಾರ್ಥವೆಂದು ಗದ್ದೆ ಮಾಡುವವರು ಕೇಳಬಹುದು, ಕೇಳಲಿ. ಆದರೆ ಮುಂದಿನದನ್ನು ಗಮನಿಸಬೇಕು. 2016ರ ಸ್ಪರ್ಧೆಯಲ್ಲಿ ಅನುಭವಿಗಳೇ ಕಟ್ಟಿದ್ದ ಲೋಹದ ಗಾಳಿ ಫಿರಂಗಿಯೊಂದರ ಮುಚ್ಚಳ ಕಿತ್ತು ಹಾರಿ, ಚಿತ್ರೀಕರಣಕ್ಕೆ ಬಂದಿದ್ದ ಹೆಂಗಸೊಬ್ಬಳು ತೀವ್ರವಾಗಿ ಗಾಯಗೊಂಡಳು. ವರ್ಷಗಳಿಂದ ಇದೇ ಕೆಲಸ ಮಾಡಿದವರ ಕೈಯಲ್ಲಿ, ಬೆಸುಗೆ ಹಾಕಿದ ಲೋಹವೇ ಹೀಗೆ ಕೈಕೊಟ್ಟಿತು. ಕೊಟ್ಟಿಗೆಯ ಪಿವಿಸಿ ಪೈಪಿನ ಗತಿಯೇನು?

ಇದಕ್ಕೆ ಉತ್ತರ ತೋಟದವರಿಗೇ ಗೊತ್ತಿರುವ ಲೆಕ್ಕದಲ್ಲಿದೆ. ಅಂಗಡಿಯಲ್ಲಿ ‘ನಾಲ್ಕು ಕೆಜಿ ಪೈಪು’, ‘ಆರು ಕೆಜಿ ಪೈಪು’ ಎಂದು ಕೇಳುವುದುಂಟು. ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ ಒತ್ತಡವನ್ನು ಅದು ತಾಳಬಲ್ಲದೆಂಬುದು ಅದರ ಅರ್ಥ. ಆದರೆ ಆ ಅಂಕಿ ನೀರಿಗೆ ಸಂಬಂಧಿಸಿದ್ದು. ಭಾರತೀಯ ಮಾನಕ 4985 ಕುಡಿಯುವ ನೀರಿನ ಪೈಪಿಗಾಗಿಯೇ ಇರುವಂಥದು. ನೀರು ಒತ್ತಿದರೆ ಕುಗ್ಗುವುದಿಲ್ಲ. ಪೈಪು ಬಿರಿದ ಕೂಡಲೇ ಒತ್ತಡ ಸತ್ತುಹೋಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಅಷ್ಟೆ. ಗಾಳಿ ಹಾಗಲ್ಲ. ಪಂಪಿನ ಪ್ರತಿಯೊಂದು ಒತ್ತಿನಲ್ಲೂ ಹುಡುಗನ ತೋಳಿನ ಶಕ್ತಿಯನ್ನು ಅದು ಸ್ಪ್ರಿಂಗಿನಂತೆ ಕೂಡಿಟ್ಟುಕೊಳ್ಳುತ್ತದೆ. ಹತ್ತು ಸೆಂಟಿಮೀಟರ್ ಒಳವ್ಯಾಸದ ಪೈಪಿನ ಮುಚ್ಚಳದ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಆರು ಕೆಜಿ ಒತ್ತಡದಲ್ಲಿ ಆ ಮುಚ್ಚಳವನ್ನು ಗಾಳಿ ಹೊರಕ್ಕೆ ನೂಕುವ ಬಲ ಸುಮಾರು 470 ಕಿಲೋ, ಅಂದರೆ ಐದು ಕ್ವಿಂಟಲಿಗೆ ಸಮೀಪ. ಅದನ್ನು ಹಿಡಿದಿಟ್ಟಿರುವುದು ಬ್ರಷ್ಷಿನಿಂದ ಬಳಿದ ಸಲ್ಯೂಷನ್ನಿನ ಒಂದು ಪದರ. ಅಂತಹ ಒಂದು ಮೀಟರ್ ಉದ್ದದ ಪೈಪು ಒಡೆದರೆ ಬಿಡುಗಡೆಯಾಗುವ ಶಕ್ತಿಯೆಷ್ಟೆಂದು ಲೆಕ್ಕ ಹಾಕಿದರೆ, ಮೂವತ್ತೈದು ಕಿಲೋ ತೂಕದ ಚೀಲವೊಂದು ಅಡಿಕೆ ಮರದ ತಲೆಯಿಂದ, ಹತ್ತು ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಸರಿಹೊಂದುತ್ತದೆ. ಸೈಕಲ್ ಪಂಪಿನಿಂದ ಈ ಒತ್ತಡಕ್ಕೆ ಏರಿಸುವುದು ಕಷ್ಟವೇನೂ ಅಲ್ಲ.

ಇನ್ನೊಂದು ವಿಷಯ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪಿವಿಸಿ ಗಟ್ಟಿಯಾದಂತೆ ಕಂಡರೂ ಪೆಡಸಾಗಿರುತ್ತದೆ. ಅದು ಹರಿಯುವುದಿಲ್ಲ, ಚೂರಾಗುತ್ತದೆ, ಚೂರುಗಳು ಚೂರಿಗಳಾಗುತ್ತವೆ. ಕಾರ್ಖಾನೆಗಳಲ್ಲಿ ಗಾಳಿಯ ಕೊಳವೆಯಾಗಿ ಪಿವಿಸಿ ಬಳಸುವುದರ ವಿರುದ್ಧ ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ 1988ರಷ್ಟು ಹಿಂದೆಯೇ ಎಚ್ಚರಿಕೆ ಹೊರಡಿಸಿತ್ತು. ಮೊಬೈಲಿನ ಚಿತ್ರ ಮಾಡಿದವನು ಈ ಮಾತು ಹೇಳಿರುವುದಿಲ್ಲ. ಅವನ ಪೈಪು ಆ ದಿನ ಒಡೆಯಲಿಲ್ಲ, ಅದನ್ನಷ್ಟೇ ಅವನು ತೋರಿಸಿದ್ದಾನೆ.

ಗಾಳಿ ಫಿರಂಗಿಯ ಕತೆ ಇಷ್ಟಾದರೆ, ಅದರ ವೇಷ ಹಾಕಿಕೊಂಡು ಹಳ್ಳಿಗಳಿಗೆ ಬಂದ ಮತ್ತೊಂದು ವಸ್ತುವಿನ ಕತೆ ಇನ್ನೂ ಕಳವಳಕಾರಿ. ಅದೇ ಪಿವಿಸಿ ಪೈಪು, ಅದೇ ಆಕಾರ. ಆದರೆ ಒಳಗಿರುವುದು ಕ್ಯಾಲ್ಸಿಯಂ ಕಾರ್ಬೈಡಿನ ತುಣುಕು ಮತ್ತು ನೀರು. ಎರಡೂ ಕೂಡಿದರೆ ಅಸಿಟಿಲಿನ್ ಅನಿಲ ಹುಟ್ಟುತ್ತದೆ, ಗ್ಯಾಸ್ ಒಲೆಯ ಲೈಟರಿನ ಕಿಡಿಗೆ ಅದು ಸ್ಫೋಟಿಸುತ್ತದೆ. ಇದನ್ನು ಗಾಳಿಯ ಕೋವಿ ಎನ್ನುವುದು ಹೆಬ್ಬಾವನ್ನು ಹಗ್ಗ ಎಂದಂತೆ. ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲಿನಿಂದ ಎಂಬತ್ತು ಪಾಲಿನವರೆಗೆ ಎಷ್ಟೇ ಬೆರೆತಿದ್ದರೂ ಅಸಿಟಿಲಿನ್ ಹೊತ್ತಿಕೊಳ್ಳಬಲ್ಲದು; ಇಷ್ಟು ವಿಶಾಲ ವ್ಯಾಪ್ತಿಯಲ್ಲಿ ಸಿಡಿಯುವ ಅನಿಲಗಳು ವಿರಳ. ಸಿಡಿಯದಿದ್ದಾಗಲೇ ದೊಡ್ಡ ಅಪಾಯ. ಏಕೆ ಸಿಡಿಯಲಿಲ್ಲವೆಂದು ಹುಡುಗ ಕೊಳವೆಯೊಳಗೆ ಇಣುಕುತ್ತಾನೆ. ಆ ಕ್ಷಣಕ್ಕೆ ಸಿಡಿದರೆ ಜ್ವಾಲೆಯ ಜತೆಗೆ ಕಾರ್ಬೈಡ್ ಉಳಿಸಿದ ಸುಣ್ಣದ ನೀರೂ ಕಣ್ಣಿಗೆ ಎರಚುತ್ತದೆ. ಬೆಂಕಿ ಸುಟ್ಟು ನಿಲ್ಲುತ್ತದೆ. ಸುಣ್ಣ ಕಣ್ಣಿನ ಪಾರದರ್ಶಕ ಪಟಲವನ್ನು ಕೊರೆಯುತ್ತಲೇ ಹೋಗುತ್ತದೆ.

2025ರ ಅಕ್ಟೋಬರಿನಲ್ಲಿ ದೀಪಾವಳಿಯ ದಿನಗಳಂದು ಮಧ್ಯಪ್ರದೇಶದಲ್ಲಿ ನಡೆದದ್ದು ಇದೇ. ಭೋಪಾಲ, ವಿದಿಶಾ, ಗ್ವಾಲಿಯರ್ ಮುಂತಾದೆಡೆ ನೂರೈವತ್ತು, ಇನ್ನೂರು ರೂಪಾಯಿಗೆ ಸಂತೆಯಲ್ಲಿ ಮಾರಾಟವಾದ ಇಂತಹ ಪೈಪುಗಳಿಂದ ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಕಣ್ಣಿನ ಗಾಯದೊಂದಿಗೆ ಆಸ್ಪತ್ರೆ ಸೇರಿದರು. ಹಲವರ ದೃಷ್ಟಿಯೇ ಹೋಯಿತು. ಆಮೇಲೆ ನಿಷೇಧ ಬಂತು, ಬಂಧನವಾಯಿತು. ಭೋಪಾಲದ ವೈದ್ಯಸಂಶೋಧಕರು 2023ರಲ್ಲೇ ಈ ಸಾಧನದಿಂದಾಗುವ ಕಣ್ಣಿನ ಗಾಯಗಳ ಬಗ್ಗೆ ಬರೆದಿದ್ದರು. ಆಗ ಅದು ಹಬ್ಬದ ಆಟಿಕೆಯಾಗಿರಲಿಲ್ಲ. ಬೆಳೆಗೆ ಬರುವ ಮಂಗಗಳನ್ನು ಬೆದರಿಸುವ ರೈತರ ಉಪಕರಣವಾಗಿತ್ತು. ಹೊಲದಿಂದ ಸಂತೆಗೆ, ಸಂತೆಯಿಂದ ಮಗುವಿನ ಕೈಗೆ ಅದು ಎರಡೇ ವರ್ಷಗಳಲ್ಲಿ ನಡೆದುಹೋಯಿತು. ಮಂಗಗಳ ಕಾಟ ಮಲೆನಾಡಿಗೂ ಇದೆ, ಕಾರ್ಬೈಡ್ ಮಲೆನಾಡಿನ ಪೇಟೆಗಳಲ್ಲೂ ಸಿಗುತ್ತದೆ. ಆದ್ದರಿಂದ ಅದು ದೂರದ ಭೋಪಾಲದ ಸುದ್ದಿಯೆಂದು ಪತ್ರಿಕೆ ಮಡಚಿಡುವಂತಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಅದೇ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ವಿಜ್ಞಾನ ಶಿಕ್ಷಣದ ಒಂದು ಅಪೂರ್ವ ಪ್ರಯೋಗ ಆರಂಭವಾಗಿತ್ತು. ಹಳ್ಳಿಶಾಲೆಯ ಮಕ್ಕಳು ಬೆಂಕಿಕಡ್ಡಿ, ಸೈಕಲ್ ವಾಲ್ವ್‌ನ ರಬ್ಬರ್ ನಳಿಗೆ, ಹಳೆಯ ಸೀಸೆ ಮುಂತಾದವುಗಳಿಂದ ತಾವೇ ಉಪಕರಣ ಮಾಡಿ, ತಾವೇ ಪ್ರಯೋಗ ಮಾಡಿ, ತಾವೇ ಪ್ರಶ್ನೆ ಕೇಳಿ ಕಲಿಯುತ್ತಿದ್ದರು. ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತರ ಕೆಲಸಕ್ಕೆ ಮೊದಲ ಪ್ರೇರಣೆ ದೊರೆತದ್ದೂ ಅಲ್ಲಿಯೇ. ನೂರಾರು ಶಾಲೆಗಳಿಗೆ ಹರಡಿದ್ದ ಆ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಅದು ಮುಂದುವರಿದಿದ್ದರೆ 2025ರಲ್ಲಿ ಒಂದು ಕಣ್ಣೂ ಹೋಗುತ್ತಿರಲಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಕಾರ್ಬೈಡಿಗೆ ನೀರು ಬಿದ್ದರೆ ಏನಾಗುತ್ತದೆಂದು ಗುರುಗಳ ಎದುರು, ಹೆಸರುಕಾಳಿನಷ್ಟು ತುಣುಕಿನಿಂದ ಒಮ್ಮೆ ನೋಡಿ ತಿಳಿದ ಮಗುವಿಗೂ, ಸಂತೆಯಲ್ಲಿ ಪೈಪು ಕೊಂಡ ಮಗುವಿಗೂ ವ್ಯತ್ಯಾಸವಿದ್ದೇ ಇರುತ್ತದೆ.

ಮಂಗಗಳ ವಿಷಯಕ್ಕೆ ಬಂದರೆ, ಬೆಳೆಗಾರರ ಸಂಕಟ ಸುಳ್ಳಲ್ಲ. ಎಳೆಯ ಅಡಿಕೆ, ಬಾಳೆ, ಕೋಕೋ, ಏಲಕ್ಕಿ, ಏನು ಬೆಳೆದರೂ ಅರ್ಧ ಮಂಗನ ಪಾಲು ಎಂಬ ಸ್ಥಿತಿಯಲ್ಲಿ ಒಬ್ಬ ಮನುಷ್ಯ ದಿನವಿಡೀ ಡಬ್ಬ ಬಡಿಯುತ್ತಾ ತೋಟ ಕಾಯಲಾರ. ಹೊಸನಗರ ತಾಲ್ಲೂಕಿನಲ್ಲಿ ಮಂಗಗಳಿಗೆಂದೇ ಉದ್ಯಾನ ಮಾಡುವ ಪ್ರಸ್ತಾಪ 2020ರ ಸುಮಾರಿಗೆ ಬಂದಾಗ ಅಲ್ಲಿನ ಊರವರೇ ಅದನ್ನು ವಿರೋಧಿಸಿದರು; ಹಿಡಿದು ತಂದು ಬಿಟ್ಟ ಮಂಗ ಪಕ್ಕದ ತೋಟಕ್ಕೆ ಬಾರದೆ ಎಲ್ಲಿಗೆ ಹೋದೀತೆಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸದ್ದಿನ ಕೋವಿ ಈ ಸಂಕಟಕ್ಕೆ ಮದ್ದಲ್ಲ. ಮೊದಲ ವಾರ ಮಂಗ ಓಡುತ್ತದೆ. ಸದ್ದಿನ ಹಿಂದೆ ಪೆಟ್ಟಿಲ್ಲವೆಂದು ತಿಳಿದ ಮೇಲೆ ಹತ್ತು ಮರ ಹಿಂದೆ ಸರಿದು ಕುಳಿತು ನೋಡುತ್ತದೆ. ಹಣ್ಣಿನ ತೋಟ, ವಿಮಾನ ನಿಲ್ದಾಣಗಳಲ್ಲಿ ಹಕ್ಕಿ ಓಡಿಸುವ ಗ್ಯಾಸ್ ಫಿರಂಗಿ ಬಳಸುವವರೂ ಅದನ್ನು ಒಂದೇ ಕಡೆ ಇಡದೆ ಜಾಗ ಬದಲಿಸುತ್ತಲೇ ಇರಬೇಕಾಗುತ್ತದೆ. ಇತ್ತ ಸದ್ದಿಗೆ ಒಗ್ಗದ ಜೀವಗಳು ತೊಂದರೆಗೊಳಗಾಗುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕುಳಿತಿರುತ್ತದೆ, ಹೊರಗಿನಿಂದ ಗಂಡು ತರುವ ಹಣ್ಣೇ ಅದಕ್ಕೂ ಮರಿಗೂ ಆಧಾರ. ಗಂಡು ಬೆದರಿ ದೂರವಾದಷ್ಟು ಹೊತ್ತೂ ಪೊಟರೆಯೊಳಗೆ ಹಸಿವು. ಅದೇ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ಕಾರ್ಬೈಡ್ ಪೈಪಿನ ಬಾಯಿಂದ ಸದ್ದಿನ ಜತೆ ಜ್ವಾಲೆಯೂ ಬರುತ್ತದೆಂಬುದನ್ನು ಮರೆಯಬಾರದು. ಕಾಡಿನೊಳಗೆ ಹಣ್ಣಿನ ಮರ ಉಳಿಸಿ ಬೆಳೆಸುವ, ಬೆಳೆನಷ್ಟದ ಪರಿಹಾರದಲ್ಲಿ ಮಂಗನ ಹೆಸರನ್ನೂ ಗಟ್ಟಿಯಾಗಿ ಬರೆಸುವ ಹೋರಾಟ ನಿಧಾನದ್ದು, ಬೇಸರದ್ದು. ಇನ್ನೂರು ರೂಪಾಯಿಯ ಪೈಪು ಆ ಹೋರಾಟವನ್ನು ಮರೆಸುತ್ತದೆ.

ಹಾಗಾದರೆ ಕೊಟ್ಟಿಗೆಯ ಹುಡುಗ ಏನು ಮಾಡಬೇಕು? ಅವನ ಕೈಯಿಂದ ಪೈಪು ಕಿತ್ತುಕೊಂಡು ಪುಸ್ತಕ ಕೊಟ್ಟರೆ ಅವನು ಪುಸ್ತಕದ ಅಡಿಯಲ್ಲಿ ಪೈಪು ಬಚ್ಚಿಡುತ್ತಾನೆ. ಅವನಿಗೆ ಬೇಕಿರುವುದು ಅದಕ್ಕಿಂತ ಕಷ್ಟದ, ಅದಕ್ಕಿಂತ ಸೊಗಸಾದ ಕೆಲಸ. ಮಲೆನಾಡಿಗೆ ಹೇಳಿ ಮಾಡಿಸಿದಂಥ ಒಂದು ಯಂತ್ರವಿದೆ: ಜಲತಾಡನ ಪಂಪು, ಜನರ ಬಾಯಲ್ಲಿ ರ‍್ಯಾಮ್ ಪಂಪು. ಬಿಸಿಗಾಳಿಯ ಬಲೂನಿನಿಂದ ಹೆಸರಾದ ಫ್ರಾನ್ಸಿನ ಜೋಸೆಫ್ ಮಾಂಗೋಲ್ಫಿಯೆ 1796ರಲ್ಲಿ ಅದನ್ನು ರೂಪಿಸಿದ. ವಿದ್ಯುತ್ ಬೇಡ, ಡೀಸೆಲ್ ಬೇಡ. ಹಳ್ಳದ ನೀರು ಇಳಿಜಾರಿನ ಕೊಳವೆಯಲ್ಲಿ ಧುಮುಕುತ್ತಾ ಬಂದು ಒಂದು ವಾಲ್ವನ್ನು ತಾನೇ ಹೊಡೆದು ಮುಚ್ಚುತ್ತದೆ. ತಡೆಯಲ್ಪಟ್ಟ ನೀರಿನ ಆವೇಗ ಮತ್ತೊಂದು ವಾಲ್ವನ್ನು ತೆರೆದು ಸ್ವಲ್ಪ ನೀರನ್ನು ಗಾಳಿ ತುಂಬಿದ ಕಬ್ಬಿಣದ ಗೂಡಿನೊಳಕ್ಕೆ ನುಗ್ಗಿಸುತ್ತದೆ. ಅಲ್ಲಿ ಕುಗ್ಗಿದ ಗಾಳಿ ಆ ನೀರನ್ನು ಗುಡ್ಡದ ಮೇಲಿನ ಮನೆಗೆ ದೂಡುತ್ತದೆ. ಹರಿದು ಬಂದ ನೀರಿನಲ್ಲಿ ಹೆಚ್ಚಿನ ಪಾಲು ಹಳ್ಳಕ್ಕೇ ಮರಳುತ್ತದೆ, ಸಣ್ಣ ಪಾಲು ಮೇಲೇರುತ್ತದೆ. ಪೆಟ್ಲಿನಲ್ಲಿ ಕಾಯಿ ಹಾರಿಸಿದ ಅದೇ ಗಾಳಿ ಇಲ್ಲಿ ಅಮ್ಮನ ತಲೆಯ ಮೇಲಿನ ಕೊಡ ಇಳಿಸುತ್ತದೆ. ವಾಲ್ವಿನ ತೂಕ ಎಷ್ಟಿರಬೇಕು, ಕೊಳವೆ ಎಷ್ಟು ಇಳಿಜಾರಿನಲ್ಲಿರಬೇಕು ಎಂದು ಸರಿಪಡಿಸಲು ಹದಿನೈದು ದಿನ ಕೆಸರಿನಲ್ಲಿ ನಿಲ್ಲಬೇಕಾಗುತ್ತದೆ. ಅದನ್ನು ಗೆದ್ದ ಹುಡುಗನಿಗೆ, ಹುಡುಗಿಗೆ, ಫಿರಂಗಿ ಸಪ್ಪೆಯೆನಿಸೀತು. ಒತ್ತಡದ ಗಾಳಿ ಇಲ್ಲಿಯೂ ಇರುವುದರಿಂದ ಗೂಡಿಗೆ ಪಿವಿಸಿ ಸಲ್ಲದು, ಜಿಐ ಪೈಪೇ ಆಗಬೇಕು, ಬೆಸುಗೆ ಬಲ್ಲವರ ಕೈಯಿಂದಲೇ ಆಗಬೇಕು.

ಇಂತಹ ಕೆಲಸವನ್ನೇ ಶಾಲೆಯಾಗಿಸಿದ ಉದಾಹರಣೆ ನೆರೆರಾಜ್ಯದಲ್ಲಿದೆ. ಪುಣೆ ಜಿಲ್ಲೆಯ ಪಾಬಳ ಎಂಬ ಒಣ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮದಲ್ಲಿ ಓದು ಬಿಟ್ಟ ಮಕ್ಕಳು ಬೆಸುಗೆ, ಮರಗೆಲಸ, ಕೃಷಿ, ವಿದ್ಯುತ್ ಕೆಲಸಗಳನ್ನು ಮಾಡುತ್ತಲೇ ಗಣಿತ, ವಿಜ್ಞಾನ ಕಲಿತರು. ಊರಿಗೆ ಬೇಕಾದುದನ್ನು ಕಾರ್ಯಾಗಾರದಲ್ಲಿ ಮಾಡುವುದೇ ಅಲ್ಲಿನ ಪಾಠ. ಕರ್ನಾಟಕದ ಶಾಲೆಗಳಿಗೂ 2016ರ ಅನಂತರ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಒಂದೊಂದಕ್ಕೆ ಇಪ್ಪತ್ತು ಲಕ್ಷ ರೂಪಾಯಿಯವರೆಗೆ ಅನುದಾನ. ಮೂರು ಆಯಾಮದ ಮುದ್ರಣ ಯಂತ್ರ ಗಾಜಿನ ಕಪಾಟಿನಲ್ಲಿ ಭದ್ರವಾಗಿದ್ದು, ಅಧಿಕಾರಿಗಳು ಬಂದ ದಿನ ಮಾತ್ರ ಹೊರಬರುವ ಶಾಲೆ ಯಾವ ತಾಲ್ಲೂಕಿನಲ್ಲಿಲ್ಲ? ಊರಿನ ಬೆಸುಗೆಯವನನ್ನು, ಪಂಪ್ ರಿಪೇರಿಯವನನ್ನು, ಪೆಟ್ಲು ಕೆತ್ತಬಲ್ಲ ಅಜ್ಜನನ್ನು ತಿಂಗಳಿಗೊಮ್ಮೆ ಆ ಕೋಣೆಗೆ ಕರೆಯಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬಹುದು. ಅದಕ್ಕೆ ಅನುದಾನವೂ ಬೇಡ.

ಕಾರ್ಬೈಡಿನ ವಿಚಾರದಲ್ಲಿ ಗ್ರಾಮ ಪಂಚಾಯಿತಿಗಳು ದೀಪಾವಳಿಯವರೆಗೆ ಕಾಯಬಾರದು. ಅದನ್ನು ಇಡುವುದಕ್ಕೂ ಮಾರುವುದಕ್ಕೂ 1987ರ ಕ್ಯಾಲ್ಸಿಯಂ ಕಾರ್ಬೈಡ್ ನಿಯಮಗಳಿವೆ. ಹಣ್ಣು ಮಾಗಿಸಲು ಅದನ್ನು ಬಳಸುವುದು ಆಹಾರ ಸುರಕ್ಷತಾ ಕಾನೂನಿನಡಿ ನಿಷಿದ್ಧ. ಬೆಸುಗೆಯ ಅಂಗಡಿಗೆ ಹೊರತು ಚಿಲ್ಲರೆಯಾಗಿ ಮಕ್ಕಳ ಕೈಗೆ ಅದು ಹೋಗಬಾರದೆಂದು ಗ್ರಾಮಸಭೆ ಠರಾವು ಮಾಡಿ ಪೇಟೆಯ ಅಂಗಡಿಗಳಿಗೆ ತಿಳಿಸಬಹುದು. ಇನ್ನು, ಮಂಗನಿಗೆಂದು ತಂದ ಪೈಪು ಈಗಾಗಲೇ ಅಟ್ಟದ ಮೇಲಿದ್ದರೆ ಅದನ್ನು ಮುರಿದುಹಾಕಬೇಕು. ಉಳಿದ ಕಾರ್ಬೈಡನ್ನು ಬಚ್ಚಲಿಗಾಗಲಿ ಹಳ್ಳಕ್ಕಾಗಲಿ ಎಸೆಯದೆ, ಒಣ ಡಬ್ಬಿಯಲ್ಲಿಟ್ಟು, ತಂದಲ್ಲಿಗೇ ಅಥವಾ ಗ್ಯಾಸ್ ಬೆಸುಗೆಯವರಿಗೆ ಹಿಂತಿರುಗಿಸಬೇಕು. ಯಾರದಾದರೂ ಕಣ್ಣಿಗೆ ಅದರ ಸುಣ್ಣ ಎರಚಿದರೆ ಉಜ್ಜಬಾರದು. ಹಾಲು, ತುಪ್ಪ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ ಅರ್ಧ ಗಂಟೆ ಎಡೆಬಿಡದೆ ಸುರಿಯಬೇಕು, ಕಾಣುವ ಸುಣ್ಣದ ಚೂರುಗಳನ್ನು ನೀರಿನಿಂದಲೇ ತೊಳೆದು ತೆಗೆಯಬೇಕು. ಅನಂತರ ತಡಮಾಡದೆ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೊರಡಬೇಕು, ದಾರಿಯಲ್ಲಿಯೂ ನೀರು ಹಾಕುತ್ತಿರಬೇಕು. ಘಟ್ಟದ ಹಳ್ಳಿಗಳಿಂದ ಅಂತಹ ಆಸ್ಪತ್ರೆಗೆ ಎಷ್ಟು ಗಂಟೆಯ ದಾರಿಯೆಂಬುದು ಎಲ್ಲರಿಗೂ ತಿಳಿದೇ ಇದೆ.